ಮಿಲ್ಲೆಚೆಂತೊ ಎಂಬ ನಮ್ಮನೆ ಫಿಯೆಟ್ಟು



ಕಳೆದ ಬೇಸಿಗೆಯ ಒಂದು ಭಾನುವಾರ ಹೈಲ್‌ಬ್ರಾನ್‌ನಲ್ಲಿ ಹಳೇ ಕಾರುಗಳ ಮೇಳವೊಂದಿತ್ತು. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ, ಬಿಸಿಲೂ ಚೆನ್ನಾಗಿತ್ತು, ಹೋದೆ. ಮರ್ಸಿಡಿಸ್‌ಗಳ ಸಾಲು ದಾಟಿ ಮುಂದೆ ಬಂದರೆ, ಒಂದು ಮೂಲೆಯಲ್ಲಿ ಕೆನೆಬಣ್ಣದ ಪುಟ್ಟ ಕಾರು ನಿಂತಿತ್ತು. ನನಗೆ ಎದೆ ಧಸಕ್ಕೆಂದಿತು. ಹಾಸನದ ನಮ್ಮ ಮನೆಯ ಮುಂದೆ, ಸಂಪಿಗೆ ಮರದ ಕೆಳಗೆ ನಿಲ್ಲುತ್ತಿದ್ದ ಅದೇ ಕಾರು! ಅದೇ ಗುಂಡು ದೀಪ, ಹಿಂದೆ ಅದೇ ಪುಟ್ಟ ರೆಕ್ಕೆ.

"ಓ, ಫಿಯೆಟ್!" ಅಂದೆ, ಗಟ್ಟಿಯಾಗಿಯೇ.

ಪಕ್ಕದ ಮಡಚು ಕುರ್ಚಿಯಲ್ಲಿ ಕೂತಿದ್ದ ಎಂಬತ್ತರ ಆಸುಪಾಸಿನ ಅಜ್ಜ ತಲೆಯೆತ್ತಿ, "ಫಿಯೆಟ್ ಅಲ್ಲ, ನೆಕ್ಕರ್" ಎಂದು ತಿದ್ದಿದರು. ನೋಡಿದರೆ ನಿಜವೇ, ಮೂತಿಯ ಮೇಲೆ ಹಾಗೇ ಬರೆದಿತ್ತು. "ಇಲ್ಲೇ, ಇದೇ ಊರಿನಲ್ಲಿ ಜೋಡಿಸಿದ್ದು" ಎಂದೂ ಸೇರಿಸಿದರು. ನಾನು ನಕ್ಕು, "ನಮ್ಮೂರಿನಲ್ಲಿ ಇದನ್ನು ಪದ್ಮಿನಿ ಅಂತೀವಿ" ಎಂದೆ. ಅಜ್ಜನಿಗೆ ಪದ್ಮಿನಿ ಯಾರೆಂದು ವಿವರಿಸಲು ಹೋಗಿ ಚಿತ್ತೋರು, ರಾಣಿ, ಖಿಲ್ಜಿ ಎಲ್ಲ ನನ್ನ ಹರಕುಮುರುಕು ಜರ್ಮನ್‌ನಲ್ಲಿ ಸಿಕ್ಕಿಹಾಕಿಕೊಂಡಿತು. ಇರಲಿ. ಮನೆಗೆ ಬಂದ ಮೇಲೆ ಈ ಮೂರು ಹೆಸರಿನ ಕಾರಿನ ಜಾತಕ ಕೆದಕುತ್ತಾ ಹೋದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಬರೀ ಸಿಹಿನೆನಪು ಹಂಚೋಣವೆಂದು ಹೊರಟವನಿಗೆ ನಡುವೆ ಸ್ವಲ್ಪ ಕಹಿಯೂ ಸಿಕ್ಕಿತು.

ಇದರ ತವರು ಇಟಲಿಯ ತೂರಿನ್. ಅಲ್ಲಿ ಇದರ ಹೆಸರು ಬರೀ ಒಂದು ಸಂಖ್ಯೆ: ಮಿಲ್ಲೆಚೆಂತೊ, ಅಂದರೆ ಸಾವಿರದ ನೂರು. ಎಂಜಿನ್ನಿನ ಗಾತ್ರ 1089 ಸಿಸಿ, ಅದನ್ನೇ ದುಂಡು ಮಾಡಿ 1100 ಅಂದರು. ಈ ಎಂಜಿನ್ನಿನ ಕಥೆ ಕಾರಿಗಿಂತ ಹಳೆಯದು. 1932ರಲ್ಲಿ ಫಿಯೆಟ್ '508 ಬಾಲಿಲ್ಲಾ' ಎಂಬ ಕಾರು ತಂದಿತು. ಬಾಲಿಲ್ಲಾ ಎಂದರೆ 1746ರಲ್ಲಿ ಜಿನೋವಾದಲ್ಲಿ ಆಸ್ಟ್ರಿಯಾದ ಸೈನಿಕರ ಮೇಲೆ ಕಲ್ಲೆಸೆದನೆನ್ನುವ ಹುಡುಗನ ಅಡ್ಡಹೆಸರು. ಮುಸೊಲಿನಿಯ ಕಾಲದ ಬಾಲಕರ ದಳಕ್ಕೂ ಅದೇ ಹೆಸರಿತ್ತು. ಕಾರಿಗೆ ಆ ಹೆಸರಿಟ್ಟದ್ದು ಯಾಕೆಂದು ಬಿಡಿಸಿ ಹೇಳಬೇಕಿಲ್ಲ. 1937ರಲ್ಲಿ ಇದರ ಹೊಸ ಅವತಾರ ಬಂತು, '508 ಸಿ'. ಇದಕ್ಕೆಂದು ಹೊಸದಾಗಿ ಮಾಡಿದ ಎಂಜಿನ್ನಿಗೆ ನಾಲ್ಕು ಸಿಲಿಂಡರು, ಪ್ರತಿಯೊಂದರ ಅಗಲ 68 ಮಿಲಿಮೀಟರು, ಪಿಸ್ಟನ್ನಿನ ಓಡಾಟ 75 ಮಿಲಿಮೀಟರು. ಈ ಎರಡು ಅಂಕಿಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಇದರ ಹಿಂದಿದ್ದ ತಲೆ ದಾಂತೆ ಜಕೋಸಾ ಎಂಬ ಎಂಜಿನಿಯರದ್ದು. 1905ರಲ್ಲಿ ರೋಮ್‌ನಲ್ಲಿ ಹುಟ್ಟಿದವರು, ತೂರಿನ್ನಿನಲ್ಲಿ ಓದಿ, 1928ರಲ್ಲಿ ಫಿಯೆಟ್ ಸೇರಿದರು. ಇಟಲಿಯ ಜನ ಮಮತೆಯಿಂದ 'ಇಲಿಮರಿ' ಎಂದು ಕರೆದ ತೊಪೊಲೀನೊ, 1955ರ 600, 1957ರ ಪುಟಾಣಿ 500 ಎಲ್ಲವೂ ಅವರ ಕೈಯಿಂದಲೇ ಬಂದವು. ಇಟಲಿಯ ಕಾರೆಂದರೆ ನಮಗೆ ಕೆಂಪು ಫೆರಾರಿ ನೆನಪಾಗುತ್ತದೆ. ಆದರೆ ಇಟಲಿಯನ್ನು ಸೈಕಲ್ಲಿನಿಂದ ಇಳಿಸಿ ಕಾರಿಗೆ ಹತ್ತಿಸಿದವರಲ್ಲಿ ಮೊದಲು ಹೇಳಬೇಕಾದ ಹೆಸರು ಜಕೋಸಾ ಅವರದು.

ಯುದ್ಧ ಬಂತು, ಹೋಯಿತು. 1939ರಲ್ಲಿ ಮುಸೊಲಿನಿ ಬಂದು ಉದ್ಘಾಟಿಸಿದ್ದ ಮಿರಾಫಿಯೋರಿ ಕಾರ್ಖಾನೆಯ ಮೇಲೆ ಬಾಂಬು ಬಿದ್ದವು. 1943ರ ಮಾರ್ಚಿಯಲ್ಲಿ ಅದೇ ಕಾರ್ಖಾನೆಯ ಕಾರ್ಮಿಕರು ಯುದ್ಧದ ನಡುವೆಯೇ ಕೆಲಸ ನಿಲ್ಲಿಸಿ ಮುಸೊಲಿನಿಯ ಸರ್ಕಾರವನ್ನು ನಡುಗಿಸಿದರು. ಯುದ್ಧ ಮುಗಿದ ಮೇಲೆ ವಿತ್ತೋರಿಯೊ ವಲ್ಲೆತ್ತಾ ಎಂಬ ಲೆಕ್ಕಪತ್ರದ ನಿಪುಣರು ಕಂಪನಿಯ ಅಧ್ಯಕ್ಷರಾದರು. ಅಮೆರಿಕದ ಮಾರ್ಷಲ್ ಯೋಜನೆಯ ನೆರವಿನಲ್ಲಿ ಹೊಸ ಯಂತ್ರಗಳು ಬಂದವು. ಆ ಯಂತ್ರಗಳಿಗೆ ಹೊಸ ಕಾರು ಬೇಕಾಗಿತ್ತು.

ಅದು 1953ರ ಮಾರ್ಚಿಯಲ್ಲಿ ಜಿನೀವಾ ಮೋಟಾರು ಪ್ರದರ್ಶನದಲ್ಲಿ ಕಾಣಿಸಿಕೊಂಡಿತು: 'ನುವೊವಾ 1100', ಯೋಜನೆಯ ಅಂಕಿ 103. ಎಂಜಿನ್ ಮಾತ್ರ 1937ರದ್ದೇ, ಸ್ವಲ್ಪ ತಿದ್ದುಪಡಿಯೊಂದಿಗೆ. ಉಳಿದದ್ದೆಲ್ಲ ಹೊಸದು. ಹಿಂದಿನ ಕಾರುಗಳಲ್ಲಿ ಕೆಳಗೊಂದು ಕಬ್ಬಿಣದ ಚೌಕಟ್ಟು, ಅದರ ಮೇಲೆ ಮೈ ಕೂರಿಸಿ ಬೋಲ್ಟ್ ಬಿಗಿಯುವುದು. ನಮ್ಮ ಎತ್ತಿನಗಾಡಿಯ ಮೂಕಿಯ ಮೇಲೆ ಕಮಾನು ಕಟ್ಟಿದ ಹಾಗೆ. ಇದರಲ್ಲಿ ಚೌಕಟ್ಟೇ ಇಲ್ಲ. ತೆಂಗಿನ ಕರಟದ ಹಾಗೆ ಮೈಯೇ ಭಾರ ಹೊರುತ್ತದೆ. ಹಾಗಾಗಿ ಕಾರು ಹಗುರ, ಒಳಗೆ ಜಾಗ ಹೆಚ್ಚು. ಉದ್ದ 3.77 ಮೀಟರು, ಶಕ್ತಿ 36 ಕುದುರೆ, ಗರಿಷ್ಠ ವೇಗ ಗಂಟೆಗೆ 116 ಕಿಲೋಮೀಟರು. ಮುಂಬಾಗಿಲುಗಳ ಕೀಲು ಹಿಂದುಗಡೆ ಇತ್ತು. ನಮ್ಮ ಮನೆಯ ಬೀರುವಿನ ಜೋಡಿಬಾಗಿಲಿನಂತೆ ಮುಂದಿನದೂ ಹಿಂದಿನದೂ ನಡುಕಂಬದ ಆಚೀಚೆಗೆ ತೆರೆದುಕೊಳ್ಳುತ್ತಿದ್ದವು. ಸೀರೆ ಉಟ್ಟವರಿಗೆ ಹತ್ತಿ ಇಳಿಯಲು ಬಹಳ ಅನುಕೂಲ, ಆದರೆ ಓಡುವಾಗ ಅಕಸ್ಮಾತ್ ತೆರೆದರೆ ಗಾಳಿಯೇ ಬಾಗಿಲನ್ನು ಕಿತ್ತುಕೊಂಡು ಹೋಗುವ ಅಪಾಯ. ಅರವತ್ತರ ದಶಕದ ಹೊಸಿಲಲ್ಲಿ ಅದನ್ನು ಬದಲಿಸಿದರು.

ಮುಂದೆ ವರ್ಷ ವರ್ಷವೂ ಚೂರುಪಾರು ಬದಲಾವಣೆ. ಅದೇ 1953ರ ಕೊನೆಗೆ ವೇಗಪ್ರಿಯರಿಗೆಂದು ಮೂತಿಯ ನಡುವೆ ಮೂರನೆಯ ದೀಪವಿದ್ದ 'ಟಿವಿ', 1957ರಲ್ಲಿ ಅಮೆರಿಕದ ಗಾಳಿ ಬೀಸಿ ಹಿಂದೆ ಮೂಡಿದ ಪುಟ್ಟ ರೆಕ್ಕೆಗಳು, 1962ರಲ್ಲಿ 1221 ಸಿಸಿಯ '1100 ಡಿ', 1966ರಲ್ಲಿ ಮುಂದೆ ಡಿಸ್ಕ್ ಬ್ರೇಕಿನ '1100 ಆರ್'. 1969ರಲ್ಲಿ ಜಕೋಸಾ ಅವರದೇ ಕೂಸಾದ, ಮುಂಚಕ್ರಗಳಿಂದ ಎಳೆಯುವ ಫಿಯೆಟ್ 128 ಬಂದಾಗ ಮಿಲ್ಲೆಚೆಂತೊ ತವರಿನಲ್ಲಿ ಕಣ್ಮುಚ್ಚಿತು. ಇಟಲಿಯ ಮಟ್ಟಿಗೆ ಕಥೆ ಇಷ್ಟೇ.

ಆದರೆ ಇದನ್ನು ಯಾರು ಮಾಡಿದರು? ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು.

1951ರಲ್ಲಿ ತೂರಿನ್ನಿನ ಜನಸಂಖ್ಯೆ ಸುಮಾರು ಏಳು ಲಕ್ಷದ ಇಪ್ಪತ್ತು ಸಾವಿರ. 1961ರಲ್ಲಿ ಹತ್ತು ಲಕ್ಷ ದಾಟಿತ್ತು. ಬಂದವರು ಯಾರು? ಸಿಸಿಲಿ, ಕಲಾಬ್ರಿಯಾ, ಪುಲಿಯಾ ಕಡೆಯ ಬಡ ರೈತರ ಮಕ್ಕಳು. ಪಲೆರ್ಮೋದಿಂದ ತೂರಿನ್ನಿಗೆ ಬರುತ್ತಿದ್ದ ರೈಲಿಗೆ 'ಸೂರ್ಯನ ರೈಲು' ಎಂದು ಹೆಸರಿತ್ತಂತೆ. ಸೂರ್ಯನಿದ್ದ ಊರು ಬಿಟ್ಟು ಮಂಜಿನ ಊರಿಗೆ ಹೋಗುವ ರೈಲಿಗೆ ಆ ಹೆಸರು! ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿದು ಇಳಿದವರಿಗೆ ಕೆಲವು ಮನೆಗಳ ಬಾಗಿಲಲ್ಲಿ 'ದಕ್ಷಿಣದವರಿಗೆ ಬಾಡಿಗೆಗೆ ಕೊಡುವುದಿಲ್ಲ' ಎಂಬ ಫಲಕ ಕಾಣುತ್ತಿತ್ತು. ಹೊಸದಾಗಿ ಬಂದಾಗ ಫೋನಿನಲ್ಲಿ ಹೆಸರು ಹೇಳುತ್ತಿದ್ದಂತೆ 'ಮನೆ ಆಗಲೇ ಹೋಯಿತು' ಎಂಬ ಉತ್ತರ ಕೇಳಿದ ನಮ್ಮಲ್ಲಿ ಕೆಲವರಿಗೆ ಇದು ತೀರಾ ಅಪರಿಚಿತವಲ್ಲ. ವ್ಯತ್ಯಾಸವೆಂದರೆ ಅವರು ಪರದೇಶಕ್ಕೆ ಹೋದವರಲ್ಲ.

ಇನ್ನೂ ಒಂದು ವಿಷಯವಿದೆ. ಹಳ್ಳಿಯವರು ಪಟ್ಟಣಕ್ಕೆ ಬರದಂತೆ ತಡೆಯಲು ಮುಸೊಲಿನಿಯ ಸರ್ಕಾರ 1939ರಲ್ಲಿ ಒಂದು ಕಾನೂನು ಮಾಡಿತ್ತು. ಪಟ್ಟಣದಲ್ಲಿ ವಾಸದ ನೋಂದಣಿ ಬೇಕಾದರೆ ಕೆಲಸವಿರಬೇಕು. ಕೆಲಸ ಬೇಕಾದರೆ ವಾಸದ ನೋಂದಣಿ ಇರಬೇಕು. ಮುಸೊಲಿನಿ ಸತ್ತ ಮೇಲೂ ಕಾನೂನು ಸಾಯಲಿಲ್ಲ, ಅದು ರದ್ದಾದದ್ದು 1961ರಲ್ಲಿ! ಅಲ್ಲಿಯತನಕ ತಮ್ಮದೇ ದೇಶದಲ್ಲಿ ಎಷ್ಟೋ ಜನ ಕಳ್ಳತನದಿಂದ ಬಂದವರಂತೆ ಬದುಕಿದರು. ವೀಸಾ ಕಚೇರಿಯ ಸಾಲಿನಲ್ಲಿ 'ಈ ಕಾಗದಕ್ಕೆ ಆ ಕಾಗದ, ಆ ಕಾಗದಕ್ಕೆ ಈ ಕಾಗದ' ಎಂದು ತಿರುಗಿದ ನಮಗೆ ಇದರ ರುಚಿ ಗೊತ್ತು, ಆದರೂ ನಾವು ಗಡಿ ದಾಟಿಯಾದರೂ ಬಂದವರು.

ಕಾರ್ಖಾನೆಯೊಳಗೆ ವಲ್ಲೆತ್ತಾ ಅವರ ಆಡಳಿತ ಬಿಗಿಯಾಗಿತ್ತು. ಸಂಬಳ ಬೇರೆಡೆಗಿಂತ ವಾಸಿ, ಆಸ್ಪತ್ರೆ, ಮಕ್ಕಳಿಗೆ ಬೇಸಿಗೆ ಶಿಬಿರ ಎಲ್ಲ ಇದ್ದವು. ಆದರೆ ಎಡಪಂಥದ ಸಂಘಟನೆಯಲ್ಲಿ ಮುಂದಾಳಾದವರನ್ನು ಬೇರೆ ಮಾಡಿ ಒಂದು ಮೂಲೆಯ ವಿಭಾಗಕ್ಕೆ ತಳ್ಳುತ್ತಿದ್ದರು. ಕಾರ್ಮಿಕರು ಅದಕ್ಕೆ 'ಕೆಂಪು ನಕ್ಷತ್ರದ ಕಾರ್ಖಾನೆ' ಎಂದು ಹೆಸರಿಟ್ಟಿದ್ದರು. ಕಮ್ಯುನಿಸ್ಟ್ ಸಂಘ ಗೆದ್ದ ಕಾರ್ಖಾನೆಗಳಿಗೆ ಅಮೆರಿಕದ ಸೇನಾ ಗುತ್ತಿಗೆ ಸಿಗುವುದಿಲ್ಲವೆಂದು ರೋಮ್‌ನಲ್ಲಿದ್ದ ಅಮೆರಿಕದ ರಾಯಭಾರಿ ಕ್ಲೇರ್ ಬೂತ್ ಲೂಸ್ ಎಚ್ಚರಿಸಿದ್ದರು. 1955ರ ಮಾರ್ಚಿಯ ಚುನಾವಣೆಯಲ್ಲಿ ಆ ಸಂಘ ಫಿಯೆಟ್‌ನಲ್ಲಿ ಬಹುಮತ ಕಳೆದುಕೊಂಡಿತು. 1971ರಲ್ಲಿ ಒಬ್ಬ ನ್ಯಾಯಾಧಿಕಾರಿ ಕಂಪನಿಯ ಕಚೇರಿ ಶೋಧಿಸಿದಾಗ ಮೂರೂವರೆ ಲಕ್ಷಕ್ಕೂ ಮಿಕ್ಕಿ ಗುಪ್ತ ಕಡತಗಳು ಸಿಕ್ಕವು. ಯಾರು ಯಾವ ಪಕ್ಷ, ಯಾರ ಮನೆಗೆ ಯಾವ ಪತ್ರಿಕೆ ಬರುತ್ತದೆ, ನಡತೆ ಹೇಗೆ, ಎಲ್ಲದರ ದಾಖಲೆ. ನಮ್ಮನೆ ಸಂಪಿಗೆ ಮರದ ಕೆಳಗೆ ಸಾಧುವಾಗಿ ನಿಂತಿದ್ದ ಕಾರಿನ ವಂಶದಲ್ಲಿ ಇಷ್ಟೆಲ್ಲ ಇತ್ತೆಂದು ನನಗೆ ಗೊತ್ತಿರಲಿಲ್ಲ.

ಇನ್ನು ಹೈಲ್‌ಬ್ರಾನಿನ ಅಜ್ಜನ 'ನೆಕ್ಕರ್'. ಪಕ್ಕದ ನೆಕ್ಕರ್‌ಸುಲ್ಮ್‌ನ ಎನ್‌ಎಸ್‌ಯು ಕಂಪನಿ ಕೈಕಚ್ಚಿಕೊಂಡು, 1929ರಲ್ಲಿ ತನ್ನ ಹೈಲ್‌ಬ್ರಾನ್ ಕಾರ್ಖಾನೆಯನ್ನು ಫಿಯೆಟ್‌ಗೆ ಮಾರಿತು. ಅಲ್ಲಿ ಜೋಡಿಸಿದ ಇಟಲಿಯ ಕಾರುಗಳು ಎನ್‌ಎಸ್‌ಯು-ಫಿಯೆಟ್ ಎಂಬ ಜೋಡಿ ಹೆಸರಲ್ಲಿ ಮಾರಾಟವಾದವು. ಸ್ಥಳೀಯ ನದಿಗಳ ಹೆಸರನ್ನೂ ಇಟ್ಟರು: 1100ಕ್ಕೆ ನೆಕ್ಕರ್, 600ಕ್ಕೆ ಅದರ ಉಪನದಿ ಯಾಗ್‌ಸ್ಟ್. ಐವತ್ತರ ದಶಕದ ಕೊನೆಗೆ ಎನ್‌ಎಸ್‌ಯು ಮತ್ತೆ ಸ್ವಂತ ಕಾರು ಮಾಡತೊಡಗಿದಾಗ ಹೆಸರಿಗಾಗಿ ಜಗಳವಾಗಿ, ಕೊನೆಗೆ ಇವರು ಬರೀ 'ನೆಕ್ಕರ್' ಆದರು. ತುಂಗೆ, ಭದ್ರೆ ಎಂದು ಕಾರಿಗೆ ಹೆಸರಿಡುವ ಬುದ್ಧಿ ನಮ್ಮವರಿಗೆ ಯಾಕೆ ಬರಲಿಲ್ಲವೋ!

1955ರ ಡಿಸೆಂಬರ್‌ನಲ್ಲಿ ಜರ್ಮನಿ ಇಟಲಿಯೊಂದಿಗೆ ಕಾರ್ಮಿಕರ ಒಪ್ಪಂದ ಮಾಡಿಕೊಂಡಿತು. ತೂರಿನ್ನಿಗೆ ಹೊರಟಿದ್ದ ದಕ್ಷಿಣದ ಹುಡುಗರಲ್ಲಿ ಎಷ್ಟೋ ಜನ ಇನ್ನೂ ಮುಂದಕ್ಕೆ, ಆಲ್ಪ್ಸ್ ದಾಟಿ ಇಲ್ಲಿಗೆ ಬಂದರು. 'ಅತಿಥಿ ಕೆಲಸಗಾರ' ಎಂಬ ಪದ ಅವರಿಗಾಗಿ ಬಳಕೆಗೆ ಬಂತು. ಎಂಥ ಅತಿಥಿ ಸತ್ಕಾರವೋ ನಾನರಿಯೆ.

ಈಗ ನಮ್ಮ ಕಡೆಗೆ ಬರೋಣ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಬೊಂಬಾಯಿಯ ಕುರ್ಲಾದಲ್ಲಿ ಮೊದಲು ಅಮೆರಿಕದ ಡಾಜ್, ಪ್ಲಿಮತ್ ಜೋಡಿಸುತ್ತಿತ್ತು. ಆಮೇಲೆ ಫಿಯೆಟ್ ಜತೆ ಒಪ್ಪಂದವಾಗಿ, ಜಿನೀವಾದಲ್ಲಿ ಕಂಡ ಮರುವರ್ಷವೇ, ಅಂದರೆ 1954ರಲ್ಲಿ, ಮಿಲ್ಲೆಚೆಂತೊ ಅಲ್ಲಿ ತಯಾರಾಗತೊಡಗಿತು. ಇದನ್ನು ಒತ್ತಿ ಹೇಳಬೇಕು. ಆ ವರ್ಷ ತೂರಿನ್ನಿನ ಗುಮಾಸ್ತನೂ ಬೊಂಬಾಯಿಯ ಡಾಕ್ಟರೂ ಹೆಚ್ಚುಕಡಿಮೆ ಒಂದೇ ಕಾರು ಕೊಳ್ಳಬಹುದಿತ್ತು. ಅದರ ಗುಂಡು ಮೂತಿ ನೋಡಿ ಬೊಂಬಾಯಿಯವರು 'ಡುಕ್ಕರ್ ಫಿಯೆಟ್' ಎಂದರು. ಮರಾಠಿಯಲ್ಲಿ ಡುಕ್ಕರ್ ಎಂದರೆ ಹಂದಿ. ರೆಕ್ಕೆ ಮೂಡಿದ್ದು 'ಎಲಿಗೆಂಟ್', ಆಮೇಲೆ 'ಸೆಲೆಕ್ಟ್', 'ಸೂಪರ್ ಸೆಲೆಕ್ಟ್'. 1964ರಲ್ಲಿ 1100 ಡಿ ಬಂತು. ಅದಕ್ಕೆ 'ಡಿಲೈಟ್' ಎಂಬ ಹೆಸರು.

ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಪ್ರಧಾನಿಯಾಗಿದ್ದಾಗ ಕೊಂಡದ್ದೂ ಫಿಯೆಟ್ಟೇ. ಬೆಲೆ ಹನ್ನೆರಡು ಸಾವಿರ ರೂಪಾಯಿ, ಬ್ಯಾಂಕಿನಲ್ಲಿದ್ದದ್ದು ಏಳು ಸಾವಿರ, ಉಳಿದ ಐದು ಸಾವಿರ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಸಾಲ. 1966ರ ಜನವರಿಯಲ್ಲಿ ತಾಷ್ಕೆಂಟಿನಲ್ಲಿ ಅವರು ತೀರಿಕೊಂಡಾಗ ಸಾಲ ಬಾಕಿ ಇತ್ತು. ಲಲಿತಾ ಶಾಸ್ತ್ರಿಯವರು ತಮ್ಮ ಪಿಂಚಣಿಯಿಂದ ತೀರಿಸಿದರು. ದೆಹಲಿಯ ಅವರ ಸ್ಮಾರಕದಲ್ಲಿ ಆ ಕಾರನ್ನು ಪ್ರದರ್ಶನಕ್ಕೆ ಇಟ್ಟಿದ್ದಾರೆ.

ಆಮೇಲೆ ಗಡಿಯಾರ ನಿಂತುಹೋಯಿತು. ಇಟಲಿಯಲ್ಲಿ 1100 ಡಿ ಬಾಳಿದ್ದು 1962ರಿಂದ 1966ರವರೆಗೆ, ನಾಲ್ಕೇ ವರ್ಷ. ನಮ್ಮಲ್ಲಿ 1964ರಿಂದ 2000ದ ತನಕ, ಮೂವತ್ತಾರು ವರ್ಷ! ಫಿಯೆಟ್ ಜತೆಗಿನ ಪರವಾನಗಿ ಮುಗಿದ ಮೇಲೆ 1972ರಲ್ಲಿ 'ಪ್ರೀಮಿಯರ್ ಪ್ರೆಸಿಡೆಂಟ್' ಆಯಿತು, 1974ರಲ್ಲಿ 'ಪ್ರೀಮಿಯರ್ ಪದ್ಮಿನಿ'. ಹೆಸರು ಬದಲಾಯಿತು, ಮೂತಿಯ ಜಾಲರಿ ಬದಲಾಯಿತು. ಆದರೆ ಒಳಗಿದ್ದದ್ದು? ಇಟಲಿಯ ಡಿ ಮಾದರಿಗೆ ಬಂದ 1221 ಸಿಸಿ ಎಂಜಿನ್ನೂ ಅಲ್ಲ, 1089 ಸಿಸಿಯ ಹಳೆಯದೇ. ಅಗಲ 68, ಓಡಾಟ 75. ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಅದೇ. ಮುಸೊಲಿನಿಯ ಕಾಲದಲ್ಲಿ ಬರೆದ ನಕ್ಷೆ ಅಟಲ್ ಬಿಹಾರಿ ವಾಜಪೇಯಿಯವರ ಕಾಲದ ತನಕ ಓಡಿತು.

ಯಾಕೆ ಹೀಗಾಯಿತು? ಕಾರು ಎಂದರೆ ಶ್ರೀಮಂತರ ಷೋಕಿ ಎಂಬುದು ಅಂದಿನ ಯೋಜನೆಗಾರರ ಎಣಿಕೆ. ಎಷ್ಟು ಕಾರು ಮಾಡಬೇಕೆನ್ನುವುದಕ್ಕೆ ಲೈಸೆನ್ಸು, ಹೊಸ ಅಚ್ಚುಗಳನ್ನು ತರಿಸಲು ವಿದೇಶಿ ವಿನಿಮಯದ ಅಪ್ಪಣೆ, ಆಮದಿಗೆ ಬಾಗಿಲು ಬಂದ್. ಮಾಡುತ್ತಿದ್ದವರು ಮೂವರು: ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್. ಮಾಡಿದ್ದೆಲ್ಲ ಖರ್ಚಾಗುತ್ತಿತ್ತು, ಇನ್ನೂ ಸಾಲು ಉಳಿಯುತ್ತಿತ್ತು. ಹೀಗಿರುವಾಗ ಸುಧಾರಿಸುವ ಉಸಾಬರಿ ಯಾರಿಗೆ ಬೇಕು? ವರ್ಷಗಟ್ಟಲೆ ಕಾಯುವ ಜನರಿದ್ದಾಗ ಹಳೇ ಕಾರಿಗೆ ಹೊಸದಕ್ಕಿಂತ ಹೆಚ್ಚು ಬೆಲೆ ಬರುತ್ತಿದ್ದ ವಿಚಿತ್ರವನ್ನೂ ಆ ಕಾಲ ಕಂಡಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಮೊದಲ ಬಾರಿಗೆ ಜನರಿಗೆ ಹೋಲಿಸಿ ನೋಡಲು ಬೇರೊಂದು ಸಿಕ್ಕಿತು. ಪದ್ಮಿನಿಯ ಇಳಿಗಾಲ ಅಲ್ಲಿಂದ ಶುರು.

ನಮ್ಮಪ್ಪ ಹಾಸನದಲ್ಲಿ ಕಾಲೇಜು ಲೆಕ್ಚರರ್. ಹೊಸ ಕಾರಿಗೆ ಅರ್ಜಿ ಹಾಕುವ ಗೋಜಿಗೇ ಹೋಗದೆ 1978ರಲ್ಲಿ ಸಕಲೇಶಪುರದ ಕಾಫಿ ತೋಟದವರೊಬ್ಬರಿಂದ ಕೆನೆಬಣ್ಣದ ಡಿಲೈಟ್ ಕೊಂಡರು. ಆಯುಧಪೂಜೆಯ ದಿನ ಅಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆಸುತ್ತಿದ್ದರು. ಮುಂದಿನ ಉದ್ದ ಸೀಟಿನಲ್ಲಿ ಅಪ್ಪ ಅಮ್ಮನ ನಡುವೆ ನನ್ನ ಜಾಗ. ಗೇರು ಸ್ಟೀರಿಂಗಿನ ಕಂಬದಲ್ಲೇ ಇದ್ದುದರಿಂದ ಕಾಲಿಗೆ ಅಡ್ಡವಿಲ್ಲ. ಕಪ್ಪು ಗುಂಡಿಯ ಆ ಕಡ್ಡಿಯನ್ನು ಅಪ್ಪ ಎಡಗೈಯಲ್ಲಿ ಎಳೆದು, ಎತ್ತಿ, ತಳ್ಳುವುದನ್ನು ನೋಡುವುದೇ ಒಂದು ಸಂಭ್ರಮ. ಗ್ಯಾರೇಜಿನ ಮೇಸ್ತ್ರಿ ಕಣ್ಣುಮುಚ್ಚಿ ಎಂಜಿನ್ನಿನ ಸದ್ದು ಕೇಳಿಯೇ ಯಾವ ವಾಲ್ವು ಸಡಿಲ ಎಂದು ಹೇಳುತ್ತಿದ್ದರು. ಅಂಥ ಕಿವಿ ಬೆಳೆಯಬೇಕಾದರೆ ಒಂದೇ ಎಂಜಿನ್ನು ಮೂವತ್ತು ವರ್ಷ ಕಣ್ಮುಂದೆ ಇರಬೇಕು, ಅದೂ ನಿಜ. ಅಂದ ಹಾಗೆ, ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ಐವತ್ತರ ದಶಕದಿಂದಲೇ ಸ್ಪಾರ್ಕ್ ಪ್ಲಗ್ಗು ಮಾಡುತ್ತಿತ್ತು. ಅದರ ಮೂಲ ಸಂಸ್ಥೆಯಾದ ಬಾಷ್‌ನ ಹಳೇ ಕಾರ್ಖಾನೆ ಇಲ್ಲೇ ಸ್ಟುಟ್‌ಗಾರ್ಟಿನ ಫೊಯರ್‌ಬಾಖ್‌ನಲ್ಲಿದೆ. ನಮ್ಮ ಕೂಟದಲ್ಲಿ ಅರ್ಧ ಜನ ಈ ಊರು ಸೇರಿದ್ದು ಅದೇ ದಾರಿಯಲ್ಲಿ, ಅಲ್ಲವೇ?

ನಮ್ಮ ನಡುವೆ ಓಡಾಡುವ ಮಿಂಚಂಚೆಗಳಲ್ಲಿ ಪದ್ಮಿನಿಯ ಫೋಟೋ ಹಾಕಿ 'ಆ ಕಾಲವೇ ಕಾಲ' ಎಂದು ನಿಟ್ಟುಸಿರು ಬಿಡುವವರನ್ನು ಕಂಡಾಗ ನನಗೆ ಈಚೆಗೆ ಒಂದು ಅನುಮಾನ. ನಾವು ಅದನ್ನು ಪ್ರೀತಿಸಿದ್ದು ನಿಜವೇ, ಅಥವಾ ಪ್ರೀತಿಸಲು ಬೇರೇನೂ ಇರಲಿಲ್ಲವೇ? ತೂರಿನ್ನಿನವರು ಅದನ್ನು ಪ್ರೀತಿಸಿ, ಹಳತಾದಾಗ ಬಿಟ್ಟುಕೊಟ್ಟರು. ನಮಗೆ ಬಿಟ್ಟುಕೊಡುವ ಅವಕಾಶವೇ ಇರಲಿಲ್ಲ. ಅಪ್ಪನ ಹತ್ತಿರ ಒಮ್ಮೆ ಇದೇ ಮಾತು ತೆಗೆದಾಗ, "ಮನೆಗೆ ಬಂದ ಮೇಲೆ ಮನೆಯವರೇ ಕಣಪ್ಪಾ, ಯಾರು ಆರಿಸಿ ತಂದರು ಅಂತ ಕೇಳ್ತಾರೇನು?" ಎಂದುಬಿಟ್ಟರು. ಅಪ್ಪ ಅಮ್ಮನದು ಹಿರಿಯರು ನೋಡಿ ಮಾಡಿದ ಮದುವೆ. ನಾನು ಮುಂದೆ ಮಾತಾಡಲಿಲ್ಲ, ಆದರೆ ಒಪ್ಪಿಯೂ ಇಲ್ಲ.

ಮುಂಬಯಿಯಲ್ಲಿ ಟ್ಯಾಕ್ಸಿಯಾಗಿ ನೋಂದಣಿಯಾದ ಕೊನೆಯ ಪದ್ಮಿನಿಯ ದಿನಾಂಕ 2003ರ ಅಕ್ಟೋಬರ್ 29. ಇಪ್ಪತ್ತು ವರ್ಷ ದಾಟಿದ ಟ್ಯಾಕ್ಸಿ ಓಡುವಂತಿಲ್ಲ ಎಂಬುದು ಅಲ್ಲಿನ ನಿಯಮ. ಹಾಗಾಗಿ 2023ರ ಅಕ್ಟೋಬರ್ 30ರಿಂದ ಕಪ್ಪು-ಹಳದಿ ಪದ್ಮಿನಿಗಳು ಮುಂಬಯಿಯ ರಸ್ತೆಯಲ್ಲಿಲ್ಲ.

ಹೈಲ್‌ಬ್ರಾನಿನ ಅಜ್ಜ ಕೊನೆಗೆ ನನ್ನನ್ನು ಒಳಗೆ ಕೂರಲು ಹೇಳಿದರು. ಅವರ ಊರು ಕಲಾಬ್ರಿಯಾದ ಒಂದು ಹಳ್ಳಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ ಇಲ್ಲಿಗೆ ಕೆಲಸಕ್ಕೆ ಬಂದವರು ಎಂದು ಅಷ್ಟು ಹೊತ್ತಿಗೆ ತಿಳಿದಿತ್ತು. ಇಂಥ ಕಾರುಗಳನ್ನು ಜೋಡಿಸುತ್ತಿದ್ದ ದಿನಗಳಲ್ಲಿ ಒಂದನ್ನು ಕೊಳ್ಳುವ ಮಾತೇ ಇರಲಿಲ್ಲವಂತೆ. ಇದನ್ನು ಕೊಂಡದ್ದು ನಿವೃತ್ತಿಯಾದ ಮೇಲೆ. "ಸ್ಟಾರ್ಟ್ ಮಾಡಿ, ಪರವಾಗಿಲ್ಲ" ಎಂದರು. ಎಂಜಿನ್ನು ಗೊರಗುಟ್ಟಿ ಹತ್ತಿಕೊಂಡಿತು. ಸದ್ದು ಅದೇ, ಚೂರೂ ವ್ಯತ್ಯಾಸವಿಲ್ಲ. ಕ್ಲಚ್ಚು ಒತ್ತಿ, ಅಪ್ಪನ ಹಾಗೇ ಎಡಗೈಯನ್ನು ಗೇರಿಗೆ ಚಾಚಿದೆ. ಕೈ ಹೋಗಿ ಬಾಗಿಲಿಗೆ ಬಡಿಯಿತು. ಇಲ್ಲಿ ಗೇರು ಬಲಗಡೆ ಅಲ್ಲವೇ! ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು.